ಪದಚರ್ಚೆ: ಪೈಪಿನ ‘ಬ್ರೈಯರ್’ಗೆ ಕನ್ನಡ ಪದ ಬೇಕಾಗಿದೆ (ತುರ್ತು)

ಮಾನ್ಯರೇ,

ಲಂಡನ್ನಿನ ಡನ್‌ಹಿಲ್, ಚಾರಟನ್, ಬಾರ್ಲಿಂಗ್ ಕಂಪನಿಗಳ ಹಳೆಯ ತಂಬಾಕು ಪೈಪುಗಳ ಖಾಸಗಿ ಸಂಗ್ರಹವೊಂದಕ್ಕೆ ಕನ್ನಡ ವಿವರಚೀಟಿಗಳನ್ನು ಬರೆಯುತ್ತಿದ್ದೇನೆ. ಶುಕ್ರವಾರ ಅವು ಅಚ್ಚಿಗೆ ಹೋಗಬೇಕು. ಪೈಪನ್ನು ‘ಚಿಲುಮೆ’ ಎನ್ನಬಹುದೇ? ಪೈಪು ಕಡೆಯುವ ಮರವಾದ ‘ಬ್ರೈಯರ್’ಗೆ ನಿಘಂಟು ಕೊಡುವ ‘ಮುಳ್ಳುಗಿಡ’ ಇಲ್ಲಿ ಸಲ್ಲುತ್ತದೆಯೇ? ಡನ್‌ಹಿಲ್ 1917ರಲ್ಲಿ ಪೇಟೆಂಟಿಗೆ ಅರ್ಜಿ ಹಾಕಿದ, ಮರಳು ರಾಚಿಸಿ ಮರದ ಮೈಯನ್ನು ಒರಟಾಗಿಸುವ ‘ಶೆಲ್’ ವಿಧಾನಕ್ಕೂ ಒಂದು ಪದ ಬೇಕು.

ಉತ್ತರ 1:
‘ಹೊಗೆಗೊಳವೆ’ ಎಂದು ಬರೆಯಿರಿ. ಪರಂಗಿಯವರು ತಂದ ಎಲೆಗೆ ‘ಹೊಗೆಸೊಪ್ಪು’ ಎಂದು ಹೆಸರಿಟ್ಟುಕೊಂಡ ನುಡಿಗೆ ಅದನ್ನು ಸೇದುವ ಸಾಧನವನ್ನು ಹೆಸರಿಸುವುದು ಕಷ್ಟವೇ? ನೀವು ಹೇಳುವ ಚಿಲುಮೆ ಪಾರಸಿಯ ‘ಚಿಲಂ’; ನಮ್ಮ ಚಿಲುಮೆಯಲ್ಲಿ ಉಕ್ಕುವುದು ನೀರು. ಬ್ರೈಯರ್‌ಗೆ ‘ಮುಳ್ಳುಬೇರು’ ಸಾಕು.

ಉತ್ತರ 2:
ಹೊಗೆಗೊಳವೆ ಇರುವುದು ಕಾರ್ಖಾನೆಯ ನೆತ್ತಿಯ ಮೇಲೆ, ಬಾಯಲ್ಲಲ್ಲ. ‘ಮುಳ್ಳುಬೇರು’ ಅದಕ್ಕಿಂತ ದೊಡ್ಡ ಅಪಚಾರ, ಏಕೆಂದರೆ ಈ ಬ್ರೈಯರ್‌ಗೆ ಮುಳ್ಳೂ ಇಲ್ಲ, ಅದು ಬೇರೂ ಅಲ್ಲ. ಇದು ಮೆಡಿಟರೇನಿಯನ್ ಸಮುದ್ರದ ಸುತ್ತಣ ಗುಡ್ಡಗಳಲ್ಲಿ ಬೆಳೆಯುವ ‘ಎರಿಕಾ ಆರ್ಬೋರಿಯಾ’ ಎಂಬ ಗಿಡ. ಬೇರು ಮತ್ತು ಕಾಂಡ ಕೂಡುವಲ್ಲಿ ಊದಿಕೊಳ್ಳುವ ಅದರ ಗಂಟು ಬೆಂಕಿಗೆ ಸುಲಭವಾಗಿ ಸುಡುವುದಿಲ್ಲವಾದ್ದರಿಂದ, ಅದನ್ನು ಅಗೆದು, ಕೊಯ್ದು, ಗಂಟೆಗಟ್ಟಲೆ ಕುದಿಸಿ, ತಿಂಗಳುಗಟ್ಟಲೆ ಒಣಗಿಸಿ ಪೈಪು ಕಡೆಯುತ್ತಾರೆ. ಗಿಡದ ಫ್ರೆಂಚ್ ಹೆಸರು ‘ಬ್ರುಯೇರ್’. ಫ್ರಾನ್ಸಿನ ಸೇಂಟ್ ಕ್ಲೋಡ್ ಊರಿನಿಂದ ಪೈಪಿನ ಜೊತೆಗೆ ಬಂದ ಆ ಹೆಸರನ್ನು ಇಂಗ್ಲಿಷರು ತಮ್ಮಲ್ಲಿ ಮೊದಲೇ ಇದ್ದ, ಮುಳ್ಳುಗಿಡವೆಂಬ ಅರ್ಥದ ‘ಬ್ರೈಯರ್’ ಪದದ ಅಚ್ಚಿಗೆ ಒತ್ತಿದರು. ಚಿಲುಮೆಯೂ ಬೇಡ, ಮುಷ್ಟಿಯಲ್ಲಿ ನೆಟ್ಟಗೆ ಹಿಡಿದು ಸೇದುವ ಮಣ್ಣಿನ ಚಿಲುಮೆಯೇ ಬೇರೆ.

ಉತ್ತರ 1:
ಹಾಗಾದರೆ ಫ್ರೆಂಚ್ ಪದವನ್ನು ಇಂಗ್ಲಿಷರು ತಮ್ಮ ಬಾಯಿಗೆ ಹೊಂದಿಸಿಕೊಳ್ಳಬಹುದು, ನಾವು ಮಾತ್ರ ಅವರು ಉಗುಳಿದ್ದನ್ನು ಹಾಗೆಯೇ ನುಂಗಬೇಕು. ಕನ್ನಡ ಸೊರಗಿರುವುದು ಇಂಥ ಸೋಮಾರಿತನದಿಂದಲೇ.

ಉತ್ತರ 2:
ಅವರು ಹೊಂದಿಸಿಕೊಂಡಿದ್ದರಿಂದಲೇ ತಾವು ಎಡವಿದ್ದೀರಿ. ಎರವಲಿಗೆ ನಾನು ವಿರೋಧಿಯಲ್ಲ, ಹೊಸ ಪದ ಕಟ್ಟುವುದಕ್ಕೂ ಅಲ್ಲ. ವಸ್ತುವನ್ನು ನೋಡದೆ ಕಟ್ಟುವುದಕ್ಕೆ ಮಾತ್ರ.

ಕೇಳಿದವರಿಗೆ: ‘ಪೈಪು’ ಎಂದೇ ಇರಲಿ. ಮರವನ್ನು ‘ಬ್ರೈಯರ್ ಗಂಟು’ ಎನ್ನಿ, ಆದರೆ ಡನ್‌ಹಿಲ್ಲಿನ ಕಡುಗೆಂಪು ಮೆರುಗಿನ ಪೈಪುಗಳ ಮೇಲೆ ಒತ್ತಿರುವ ‘ಬ್ರುಯೇರ್’ ಎಂಬುದು ಆ ಮೆರುಗಿನ ಹೆಸರಾದ್ದರಿಂದ ಅದನ್ನು ‘ಬ್ರೈಯರ್’ ಎಂದು ತಿದ್ದಬೇಡಿ. ‘ಶೆಲ್’ ಕೂಡ ಅಂಥದ್ದೇ ಹೆಸರು. ವಿಧಾನಕ್ಕೆ ಮಾತ್ರ, ಕಡಲ್ಕೊರೆತದ ಜಾಡಿನಲ್ಲಿ ‘ಮರಳ್ಕೊರೆತ’ ಎನ್ನಬಹುದು. ಮರಳಿನ ಹೊಡೆತಕ್ಕೆ ಮೆತ್ತನೆಯ ಭಾಗ ಸವೆದು ಗಟ್ಟಿ ಎಳೆಗಳು ಏಣಾಗಿ ಉಳಿಯುವುದನ್ನು ಅದು ಸರಿಯಾಗಿಯೇ ಹೇಳುತ್ತದೆ. ನೇರವಾಗಿ ಸಾಗುವ ಎಳೆಗಳಿಗೆ ‘ನೇರೆಳೆ’, ಅಡ್ಡ ಕೊಯ್ದಾಗ ಕಾಣುವ ಚುಕ್ಕೆಗಳಿಗೆ ‘ಹಕ್ಕಿಗಣ್ಣು’. ಡನ್‌ಹಿಲ್ಲಿನ ಪೈಪುಗಳ ಮೇಲಿರುವ ಬಿಳಿ ಚುಕ್ಕಿಯನ್ನು ಬರಿಯ ಅಲಂಕಾರವೆಂದು ಬರೆಯಬೇಡಿ, ಅದು ಬಾಯಿಗಿಡುವ ಭಾಗದ ಮೇಲ್ಮಗ್ಗುಲು ಯಾವುದೆಂದು ತೋರಿಸಲು ಇಟ್ಟ ಗುರುತು.

ಉತ್ತರ 1:
‘ಮರಳ್ಕೊರೆತ’ ಒಪ್ಪಿದೆ. ‘ಪೈಪು’ ಒಪ್ಪುವುದಿಲ್ಲ.