ರಾತ್ರಿ ಬ್ರಷ್ ಕಂಡರೆ ಬಾಯಿ ಮುಚ್ಚುವ ಮಗು: ನಿಮ್ಮ ಮನೆಯಲ್ಲಿ ಹೇಗೆ ರೂಢಿ ಮಾಡಿಸಿದಿರಿ?

ಪ್ರಶ್ನೆ (ಮಂಗಳೂರು, ಕದ್ರಿ)

ಮಗಳಿಗೆ ಮೂರು ತುಂಬುತ್ತಾ ಬಂತು. ಬೆಳಿಗ್ಗೆ ಹೇಗೋ ಹಲ್ಲುಜ್ಜಿಸಿಕೊಳ್ಳುತ್ತಾಳೆ. ರಾತ್ರಿ ಮಾತ್ರ ಬ್ರಷ್ ಕಂಡ ಕೂಡಲೇ ಬಾಯಿ ಬಿಗಿ ಹಿಡಿದು ಅಳು ಶುರು. ಅತ್ತೆ "ಹಾಲು ಹಲ್ಲಲ್ವಾ, ಹೇಗೂ ಬಿದ್ದು ಹೋಗ್ತದೆ, ಮಗುವನ್ನು ಯಾಕೆ ಸುಮ್ನೆ ಅಳಿಸುವುದು" ಅನ್ನುತ್ತಾರೆ. ಮಲಗುವಾಗ ಬಾಟಲಿ ಹಾಲು ಬೇಕೇ ಬೇಕು. ಪೇಸ್ಟ್ ಉಗುಳಲು ಬರುವುದಿಲ್ಲ, ನುಂಗುತ್ತಾಳೆ, ಹಾಗಾಗಿ ಬರೀ ನೀರಿನಲ್ಲಿ ಉಜ್ಜುತ್ತಿದ್ದೇನೆ. ನೀವೆಲ್ಲ ಎಂತ ಮಾಡಿದ್ದೀರಿ? ದಯವಿಟ್ಟು ಹೇಳಿ.

ಉಡುಪಿಯಿಂದ, ಇಬ್ಬರು ಮಕ್ಕಳ ಅಮ್ಮ

ಅಕ್ಕ, ಮೊದಲು ಹೊತ್ತು ಬದಲಿಸಿ ನೋಡಿ. ನಿದ್ದೆಗಣ್ಣಿನಲ್ಲಿರುವಾಗ ಬ್ರಷ್ ತಂದರೆ ಯಾವ ಮಗುವಾದರೂ ಅಳುತ್ತದೆ. ಊಟ ಆಗಿ ಕೈ ತೊಳೆಯುತ್ತಾರಲ್ವಾ, ಅದೇ ಹೊತ್ತಿಗೆ ಹಲ್ಲೂ ಉಜ್ಜಿಬಿಡಿ. ಆಮೇಲೆ ಎಷ್ಟು ಬೇಕಾದರೂ ಆಡಲಿ, ಕಥೆ ಕೇಳಲಿ, ಸೋಫಾದಲ್ಲೇ ಮಲಗಿ ಹೋದರೂ ಚಿಂತೆ ಇಲ್ಲ. ಆದರೆ ಅದರ ನಂತರ ನೀರು ಬಿಟ್ಟು ಬೇರೆ ಏನೂ ಬಾಯಿಗೆ ಹೋಗಬಾರದು. ಇದೊಂದು ನಿಯಮ ಮನೆಯವರಿಗೆಲ್ಲ ಗೊತ್ತಿರಬೇಕು, ಇಲ್ಲದಿದ್ದರೆ ಮಾವ ಪ್ರೀತಿಯಿಂದ ಒಂದು ಬಿಸ್ಕೆಟ್ ಕೊಟ್ಟು ಮುಗಿಯಿತು.

ಎರಡನೆಯದು, ವಾಶ್ ಬೇಸಿನ್ ಎದುರು ನಿಲ್ಲಿಸಿ ಉಜ್ಜಬೇಡಿ. ನಿಮಗೆ ಒಳಗೆ ಏನೂ ಕಾಣುವುದಿಲ್ಲ. ನೆಲದಲ್ಲಿ ಚಾಪೆ ಹಾಕಿ ಕುಳಿತುಕೊಳ್ಳಿ, ಮಗು ಅಂಗಾತ ಮಲಗಿ ತಲೆಯನ್ನು ನಿಮ್ಮ ಮಡಿಲಿನಲ್ಲಿಡಲಿ. ಮೇಲಿನಿಂದ ನೋಡಿದರೆ ಹಿಂದಿನ ದವಡೆ ಹಲ್ಲಿನವರೆಗೆ ಕಾಣುತ್ತದೆ. ಒಂದು ಬೆರಳಿನಿಂದ ತುಟಿ ಮೆಲ್ಲಗೆ ಎತ್ತಿ, ಹಲ್ಲು ಮತ್ತು ಒಸಡು ಸೇರುವ ಗೆರೆಯಲ್ಲಿ ಬ್ರಷ್ ಆಡಿಸಿ. ಕೊಳೆ ಜಾಸ್ತಿ ನಿಲ್ಲುವುದೇ ಅಲ್ಲಿ.

ಬಾಯಿ ತೆರೆಸಲು ನಮ್ಮಲ್ಲಿ ನಡೆದದ್ದು ಹುಲಿವೇಷ. ಮಗನಿಗೆ ಅದರ ಮರುಳು, ಅಷ್ಟಮಿಗೆ ರಥಬೀದಿಯಲ್ಲಿ ನೋಡಿ ಬಂದರೆ ವರ್ಷವಿಡೀ ಮನೆಯಲ್ಲಿ ಅದೇ ಕುಣಿತ. "ಹುಲಿ ಹೇಗೆ ಗರ್ಜಿಸ್ತದೆ ತೋರಿಸು" ಅಂದರೆ ಬಾಯಿ ಪೂರ್ತಿ ತೆರೆಯುತ್ತಾನೆ, ಆಗ ದವಡೆ ಹಲ್ಲು. "ಹುಲಿಗೆ ಸಿಟ್ಟು ಬಂತು" ಅಂದರೆ ಹಲ್ಲು ಕಿರಿಯುತ್ತಾನೆ, ಆಗ ಮುಂದಿನ ಹಲ್ಲು. ನಮ್ಮವರು ಸ್ಟೀಲ್ ಬಟ್ಟಲಿನ ಮೇಲೆ ತಾಸೆಯ (ಹುಲಿವೇಷಕ್ಕೆ ಬಾರಿಸುವ ವಾದ್ಯ) ಪೆಟ್ಟು ಹಾಕುತ್ತಾರೆ, ಪೆಟ್ಟು ನಿಲ್ಲುವವರೆಗೆ ಬ್ರಷ್ ನಿಲ್ಲುವ ಹಾಗಿಲ್ಲ. ಎರಡು ನಿಮಿಷ ಹೋಗುವುದೇ ಗೊತ್ತಾಗುವುದಿಲ್ಲ. ನಿಮ್ಮ ಮಗಳಿಗೆ ಯಾವುದರ ಹುಚ್ಚು ಅಂತ ನೋಡಿ, ಅದನ್ನೇ ಹಿಡಿಯಿರಿ.

ದೇರಳಕಟ್ಟೆಯಿಂದ, ಮಕ್ಕಳ ಹಲ್ಲಿನ ಡಾಕ್ಟರ್

ನಿಮ್ಮ ಅತ್ತೆಯವರ ಮಾತು ತುಂಬಾ ಮನೆಗಳಲ್ಲಿ ಕೇಳುತ್ತೇನೆ. ಹಾಲು ಹಲ್ಲು ಬೀಳುವುದು ನಿಜ, ಆದರೆ ಯಾವಾಗ? ಮುಂದಿನವು 6-7 ವರ್ಷಕ್ಕೆ ಬೀಳುತ್ತವೆ. ಹಿಂದಿನ ದವಡೆ ಹಲ್ಲುಗಳು 10ರಿಂದ 12 ವರ್ಷದವರೆಗೆ ಇರಬೇಕು. ಮೂರು ವರ್ಷಕ್ಕೆ ಹುಳುಕು ಹಿಡಿದರೆ ಮಗು ಇನ್ನೂ ಏಳೆಂಟು ವರ್ಷ ಅದರಲ್ಲೇ ಅಗಿಯಬೇಕಲ್ವಾ? ನೋವಿಗೆ ಊಟ ಬಿಡುತ್ತದೆ, ನಿದ್ದೆ ಕೆಡುತ್ತದೆ. ಬೇಗ ಕೀಳಿಸಬೇಕಾಗಿ ಬಂದರೆ ಪಕ್ಕದ ಹಲ್ಲು ಆ ಜಾಗಕ್ಕೆ ವಾಲಿ ಬರುತ್ತದೆ, ಕೆಳಗಿನಿಂದ ಬರಬೇಕಾದ ಶಾಶ್ವತ ಹಲ್ಲಿಗೆ ದಾರಿ ಇಲ್ಲದೆ ಸೊಟ್ಟಗೆ ಬರುತ್ತದೆ.

ರಾತ್ರಿಯೇ ಯಾಕೆ ಮುಖ್ಯ ಅಂದರೆ, ನಿದ್ದೆಯಲ್ಲಿ ಜೊಲ್ಲು ತುಂಬಾ ಕಡಿಮೆ ಆಗುತ್ತದೆ. ಹಗಲಿನಲ್ಲಿ ಜೊಲ್ಲೇ ಹಲ್ಲನ್ನು ತೊಳೆಯುತ್ತಾ ಆಮ್ಲವನ್ನು ತಗ್ಗಿಸುತ್ತಾ ಇರುತ್ತದೆ. ರಾತ್ರಿ ಆ ಕಾವಲು ಇಲ್ಲ. ಬಾಟಲಿ ಬಾಯಲ್ಲಿಟ್ಟು ಮಲಗುವ ಮಕ್ಕಳಲ್ಲಿ ಮೇಲಿನ ನಾಲ್ಕು ಮುಂದಿನ ಹಲ್ಲುಗಳೇ ಮೊದಲು ಹಾಳಾಗುವುದು. ಕೆಳಗಿನವನ್ನು ನಾಲಿಗೆ ಮುಚ್ಚಿಕೊಂಡಿರುತ್ತದೆ, ಹಾಗಾಗಿ ಅವು ಉಳಿಯುತ್ತವೆ. ವಾರಕ್ಕೊಮ್ಮೆ ಮೇಲಿನ ತುಟಿ ಎತ್ತಿ ನೋಡಿ. ಒಸಡಿನ ಪಕ್ಕ ಸುಣ್ಣ ಬಳಿದ ಹಾಗೆ ಬಿಳಿ ಗೆರೆ ಕಂಡರೆ ಅದೇ ಹುಳುಕಿನ ಆರಂಭ. ಆ ಹಂತದಲ್ಲಿ ಬಂದರೆ ಕೊರೆಯದೆ, ಫ್ಲೋರೈಡ್ ಹಚ್ಚಿ ತಡೆಯಲು ಆಗುತ್ತದೆ. ಕಂದು ಬಣ್ಣಕ್ಕೆ ತಿರುಗಿ ಗುಂಡಿ ಬಿದ್ದರೆ ಕೆಲಸ ದೊಡ್ಡದು.

ಪೇಸ್ಟ್ ಬಿಡಬೇಡಿ. ಮೂರು ವರ್ಷದವರೆಗೆ ಒಂದು ಅಕ್ಕಿ ಕಾಳಿನಷ್ಟು, ಮೂರರಿಂದ ಆರರವರೆಗೆ ಬಟಾಣಿಯಷ್ಟು. ಜಾಹೀರಾತಿನಲ್ಲಿ ತೋರಿಸುವ ಹಾಗೆ ಬ್ರಷ್ ತುಂಬಾ ಹಾಕುವುದು ಬೇಡ. ಅಕ್ಕಿ ಕಾಳಿನಷ್ಟು ನುಂಗಿದರೆ ತೊಂದರೆ ಇಲ್ಲ, ಹಾಗಾಗಿಯೇ ಅಷ್ಟು ಚಿಕ್ಕ ಅಳತೆ. ಟ್ಯೂಬಿನ ಮೇಲೆ ಫ್ಲೋರೈಡ್ ಎಷ್ಟು ಪಿಪಿಎಂ ಅಂತ ಬರೆದಿರುತ್ತದೆ, 1000ದ ಹತ್ತಿರ ಇರುವುದನ್ನು ತೆಗೆದುಕೊಳ್ಳಿ. ಮಕ್ಕಳ ಚಿತ್ರ ಇರುವ ಕೆಲವು ಪೇಸ್ಟ್‌ಗಳಲ್ಲಿ ಫ್ಲೋರೈಡ್ ತೀರಾ ಕಡಿಮೆ, ಕೆಲವದರಲ್ಲಿ ಇರುವುದೇ ಇಲ್ಲ. ಉಜ್ಜಿದ ಮೇಲೆ ನೊರೆ ಉಗುಳಿದರೆ ಸಾಕು, ನೀರು ಹಾಕಿ ಮತ್ತೆ ಮತ್ತೆ ಮುಕ್ಕಳಿಸಿದರೆ ಹಲ್ಲಿನ ಮೇಲಿನ ಫ್ಲೋರೈಡ್ ತೊಳೆದು ಹೋಗುತ್ತದೆ. ಉಗುಳಲು ಬಾರದಿದ್ದರೆ ಒದ್ದೆ ಬಟ್ಟೆಯಲ್ಲಿ ಒರೆಸಿ.

ಇನ್ನೊಂದು ಮಾತು. ಏಳೆಂಟು ವರ್ಷದವರೆಗೆ ಮಗುವಿನ ಕೈಗೆ ಬ್ರಷ್ ಕೊಟ್ಟು ಬಿಡಬೇಡಿ. ಅವರೂ ಉಜ್ಜಲಿ, ಅದು ಕಲಿಕೆ. ನಂತರ ನಿಮ್ಮ ಕೈಯಿಂದ ಒಮ್ಮೆ ಆಗಲೇಬೇಕು. ಶೂ ಲೇಸ್ ಸರಿಯಾಗಿ ಕಟ್ಟಲು ಬರುವವರೆಗೆ ಎಲ್ಲ ಹಲ್ಲು ಮುಟ್ಟುವಷ್ಟು ಕೈ ಹಿಡಿತ ಅವರಿಗೆ ಇರುವುದಿಲ್ಲ.

ಬಜಪೆಯಿಂದ

ನಮ್ಮವರು ದುಬೈಯಲ್ಲಿ. ಅಲ್ಲಿಯ ಗಂಟೆ ನಮ್ಮದಕ್ಕಿಂತ ಒಂದೂವರೆ ತಾಸು ಹಿಂದೆ. ಇಲ್ಲಿ ಎಂಟೂವರೆಗೆ ವಿಡಿಯೋ ಕಾಲ್ ಮಾಡಿದರೆ ಅವರು ರೂಮಿಗೆ ಬಂದು ಕುಳಿತಿರುತ್ತಾರೆ. ಅಪ್ಪ ಅಲ್ಲಿ ಬ್ರಷ್ ಹಿಡಿಯುತ್ತಾರೆ, ಮಗಳು ಇಲ್ಲಿ ಹಿಡಿಯುತ್ತಾಳೆ. ಅಪ್ಪ ತುಳುವಿನಲ್ಲಿ ಒಂಜಿ, ರಡ್ಡ್, ಮೂಜಿ ಅಂತ ಎಣಿಸುತ್ತಾರೆ, ಹತ್ತಾದ ಕೂಡಲೇ ಇನ್ನೊಂದು ಬದಿ. ಅವಳು ಉಜ್ಜಿದ ಮೇಲೆ ನಾನು ಒಮ್ಮೆ ಉಜ್ಜಿ "ಅಪ್ಪನಿಗೆ ತೋರಿಸು" ಅನ್ನುತ್ತೇನೆ. ದೂರದಲ್ಲಿರುವ ಅಪ್ಪನಿಗೂ ಮಗುವಿನ ದಿನಚರಿಯಲ್ಲಿ ಒಂದು ಕೆಲಸ ಸಿಕ್ಕಿದ್ದು ನನಗೆ ಬಹಳ ಖುಷಿ. ಗಂಡ ಹೊರದೇಶದಲ್ಲಿರುವವರು ಖಂಡಿತ ಮಾಡಿ ನೋಡಿ.

ಬಿ.ಸಿ. ರೋಡ್‌ನಿಂದ

ಬಾಟಲಿ ಬಗ್ಗೆ ಮಾತ್ರ ಹೇಳುತ್ತೇನೆ. ಒಂದೇ ದಿನ ನಿಲ್ಲಿಸಲು ಹೋಗಬೇಡಿ, ಇಡೀ ಮನೆ ನಿದ್ದೆಗೆಡುತ್ತದೆ. ಕೆಲವು ದಿನಕ್ಕೊಮ್ಮೆ ಹಾಲು ಸ್ವಲ್ಪ ಕಡಿಮೆ, ನೀರು ಸ್ವಲ್ಪ ಜಾಸ್ತಿ ಮಾಡುತ್ತಾ ಬನ್ನಿ. ಕೊನೆಗೆ ಬರೀ ನೀರು ಆಗುತ್ತದೆ, ಆಗ ಮಗುವೇ ಆಸಕ್ತಿ ಕಳೆದುಕೊಳ್ಳುತ್ತದೆ. ಕುಡಿಯಬೇಕಾದ ಹಾಲನ್ನು ಊಟದ ಜೊತೆಗೇ ಲೋಟದಲ್ಲಿ ಕೊಡಿ, ಸಕ್ಕರೆ ಹಾಕದೆ. ಜ್ವರ ಶೀತಕ್ಕೆ ರಾತ್ರಿ ಸಿರಪ್ ಕೊಡುವಾಗಲೂ ನೆನಪಿರಲಿ, ಅವುಗಳಲ್ಲಿ ತುಂಬಾ ಸಲ ಸಕ್ಕರೆ ಇರುತ್ತದೆ. ಸಿರಪ್ ಮೊದಲು, ಬ್ರಷ್ ಆಮೇಲೆ.

ಸುರತ್ಕಲ್‌ನಿಂದ, ಅಪ್ಪ

ಎಲ್ಲ ಮಕ್ಕಳೂ ಆಟಕ್ಕೆ ಒಲಿಯುವುದಿಲ್ಲ, ಅದನ್ನೂ ಹೇಳಬೇಕು. ನನ್ನ ಮಗನಿಗೆ ಆಟಿಸಂ ಇದೆ. ಬಾಯಿಯೊಳಗೆ ಏನು ಹೋದರೂ ಅವನಿಗೆ ತಡೆಯುವುದಿಲ್ಲ. ಪುದೀನ ವಾಸನೆಯ ಪೇಸ್ಟ್ ಖಾರ ಆಗುತ್ತಿತ್ತು, ಮಳೆಗಾಲದಲ್ಲಿ ಟ್ಯಾಂಕಿಯ ತಣ್ಣಗಿನ ನೀರು ಅಂದರೆ ಇನ್ನೂ ಕಷ್ಟ. ಕಡಿಮೆ ವಾಸನೆಯ ಪೇಸ್ಟ್, ತೀರಾ ಮೆತ್ತಗಿನ ಚಿಕ್ಕ ತಲೆಯ ಬ್ರಷ್, ಉಗುರು ಬೆಚ್ಚಗಿನ ನೀರು, ಇಷ್ಟು ಬದಲಿಸಿದ್ದಕ್ಕೇ ಅರ್ಧ ಗಲಾಟೆ ಕಡಿಮೆ ಆಯಿತು. ಆಮೇಲೆ ಬ್ರಷ್ ಅನ್ನು ಮೊದಲು ಅಂಗೈಗೆ, ಕೆನ್ನೆಗೆ, ತುಟಿಗೆ ಮುಟ್ಟಿಸಿ, ಕೊನೆಗೆ ಒಂದೇ ಒಂದು ಹಲ್ಲಿಗೆ. ಪ್ರತಿ ದಿನ ಅದೇ ಜಾಗ, ಅದೇ ಕ್ರಮ, ಮೇಲಿನ ಬಲದಿಂದ ಶುರು. ಗೋಡೆಗೆ ನಾಲ್ಕು ಚಿತ್ರ ಅಂಟಿಸಿದ್ದೇವೆ, ಮುಂದೆ ಏನು ಅಂತ ಅವನಿಗೆ ಗೊತ್ತಿರುತ್ತದೆ. ಕೈಕಾಲು ಒತ್ತಿ ಹಿಡಿದು ಉಜ್ಜಿಸಲು ಯಾರು ಹೇಳಿದರೂ ಕೇಳಬೇಡಿ, ಒಮ್ಮೆ ಭಯ ಕೂತರೆ ತೆಗೆಯುವುದು ಬಹಳ ಕಷ್ಟ.

ಕುಂದಾಪುರದಿಂದ, ಮೊಮ್ಮಕ್ಕಳಿರುವ ಅಜ್ಜಿ

ಮಗಾ, ಅತ್ತೆಯವರ ಮೇಲೆ ಬೇಸರ ಬೇಡ. ನಮ್ಮ ಕಾಲದಲ್ಲಿ ಮಾವಿನ ಎಲೆ ಮಡಚಿ ಉಜ್ಜುತ್ತಿದ್ದೆವು, ಉಮಿಕರಿಗೆ (ಭತ್ತದ ಹೊಟ್ಟು ಸುಟ್ಟ ಕರಿ) ಉಪ್ಪು ಸೇರಿಸಿ ಉಜ್ಜುತ್ತಿದ್ದೆವು, ಬೆಳಿಗ್ಗೆ ಒಂದೇ ಸಲ. ಆದರೆ ಆಗ ಸಿಹಿ ಅಂದರೆ ಹಬ್ಬಕ್ಕೆ ಪಾಯಸ. ಈಗ ಮಕ್ಕಳ ಕೈಯಲ್ಲಿ ಬೆಳಿಗ್ಗೆಯಿಂದ ಬಿಸ್ಕೆಟ್, ಚಾಕ್ಲೇಟು, ಪ್ಯಾಕೆಟ್ ಜ್ಯೂಸು. ತಿನ್ನುವುದು ಬದಲಾದ ಮೇಲೆ ಉಜ್ಜುವುದೂ ಬದಲಾಗಬೇಕು. ಉಮಿಕರಿ ಈಗ ಮಕ್ಕಳಿಗೆ ಬೇಡ, ತರಿತರಿ ಇರುವುದರಿಂದ ಹಲ್ಲಿನ ಮೇಲಿನ ಪದರ ಸವೆಯುತ್ತದೆ.

ನಾನು ಹೇಳುವುದು ಇಷ್ಟೇ, ರಾತ್ರಿಯ ಬ್ರಷ್ ಕೆಲಸವನ್ನು ಅತ್ತೆಯವರ ಕೈಗೇ ಕೊಡಿ. "ಅಮ್ಮ, ನೀವು ಹೇಳಿದರೆ ಅವಳು ಕೇಳ್ತಾಳೆ" ಅನ್ನಿ. ಮುಂದಿನ ಸಲ ಡಾಕ್ಟರ ಹತ್ತಿರ ಹೋಗುವಾಗ ಅವರನ್ನೂ ಕರೆದುಕೊಂಡು ಹೋಗಿ, ಡಾಕ್ಟರೇ ತೋರಿಸಿ ಹೇಳಲಿ. ಸೊಸೆ ಹೇಳಿದ್ದಕ್ಕಿಂತ ಅದು ಬೇಗ ನಾಟುತ್ತದೆ. ನಮ್ಮ ಮನೆಯಲ್ಲಿ ಮೊಮ್ಮಗಳ ಹಲ್ಲು ಉಜ್ಜುವವಳು ನಾನೇ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ತುಂಬಾ ಧನ್ಯವಾದ. ಅತ್ತೆಯವರಿಗೆ ಅಜ್ಜಿಯ ಉತ್ತರ ಓದಿ ಹೇಳಿದೆ, ನಾಳೆಯಿಂದ ತಾನೇ ಉಜ್ಜಿಸುತ್ತೇನೆ ಅಂದಿದ್ದಾರೆ. ಮೂರು ವರ್ಷಕ್ಕೇ ಡಾಕ್ಟರಿಗೆ ತೋರಿಸಬೇಕಾ, ನೋವು ಏನೂ ಇಲ್ಲವಲ್ಲ? ಖರ್ಚು ಎಷ್ಟಾಗಬಹುದು?

ದೇರಳಕಟ್ಟೆಯಿಂದ, ಮಕ್ಕಳ ಹಲ್ಲಿನ ಡಾಕ್ಟರ್

ಮಗುವಿಗೆ ಒಂದು ವರ್ಷ ತುಂಬುವುದರೊಳಗೇ ಒಮ್ಮೆ ತೋರಿಸುವುದು ಒಳ್ಳೆಯದು. ನೋವಿಲ್ಲದಾಗ ಬಂದರೆ ಮಗು ಕುರ್ಚಿಯಲ್ಲಿ ಕುಳಿತು, ಕನ್ನಡಿ ನೋಡಿ, ನಗುತ್ತಾ ಹೋಗುತ್ತದೆ. ದಂತ ಕಾಲೇಜುಗಳಲ್ಲಿ ಮಕ್ಕಳದೇ ವಿಭಾಗ ಇದೆ, ಖಾಸಗಿ ಕ್ಲಿನಿಕ್‌ಗಿಂತ ಖರ್ಚೂ ಕಡಿಮೆ. ಕದ್ರಿಯಿಂದ ಲೈಟ್‌ಹೌಸ್ ಹಿಲ್‌ನ ಮಣಿಪಾಲ ದಂತ ಕಾಲೇಜು ನಿಮಗೆ ಹತ್ತಿರ. ಈ ಕಡೆ ಬಂದರೆ ಎ.ಬಿ. ಶೆಟ್ಟಿ, ಯೆನೆಪೋಯ ಎರಡೂ ದೇರಳಕಟ್ಟೆಯಲ್ಲೇ ಇವೆ. ಬೆಳಿಗ್ಗೆ ಬೇಗ ಹೋಗಿ ಚೀಟಿ ಮಾಡಿಸಿ, ಮಗು ಊಟ ನಿದ್ದೆ ಆಗಿ ಚುರುಕಾಗಿರುವ ಹೊತ್ತು ನೋಡಿಕೊಳ್ಳಿ.

ಆರು ವರ್ಷದ ಸುಮಾರಿಗೆ ಹಾಲು ಹಲ್ಲುಗಳ ಹಿಂದೆ, ಏನೂ ಬೀಳದೆಯೇ, ಒಂದು ದೊಡ್ಡ ದವಡೆ ಹಲ್ಲು ಬರುತ್ತದೆ. ಅದನ್ನೂ ಹಾಲು ಹಲ್ಲು ಅಂದುಕೊಳ್ಳುವವರು ಜಾಸ್ತಿ. ಅದು ಶಾಶ್ವತ ಹಲ್ಲು, ಹೋದರೆ ಮತ್ತೆ ಬರುವುದಿಲ್ಲ. ಆಗ ಬ್ರಷ್ ಅಷ್ಟು ಹಿಂದಿನವರೆಗೆ ಹೋಗುತ್ತಿದೆಯಾ ಅಂತ ನೋಡಿಕೊಳ್ಳಿ ಎಂದು ಅತ್ತೆಯವರಿಗೂ ಹೇಳಿಡಿ.