ಇನ್‌ಸ್ಕ್ರಿಪ್ಟ್ ಮಾತ್ರ ಇರುವ ಗಣಕದಲ್ಲಿ ಕೆ.ಪಿ. ರಾವ್ ವಿನ್ಯಾಸ: ನಡುವೆ ಒಂದು ಅಡಾಪ್ಟರ್ ಕಟ್ಟಬಹುದೇ?

ಪ್ರಶ್ನೆ (ಬರೆದವರು: ಕರಡುತಿದ್ದಿ)

ಎಲ್ಲರಿಗೂ ನಮಸ್ಕಾರ. ಹದಿನೈದು ವರ್ಷಗಳಿಂದ ನಾನು ಕೆ.ಪಿ. ರಾವ್ ವಿನ್ಯಾಸದಲ್ಲೇ (ಇಂಗ್ಲಿಷ್ ಕೀಲಿಗಳ ಧ್ವನಿಗೆ ಹೊಂದುವಂತೆ ಕನ್ನಡ ಅಕ್ಷರಗಳನ್ನು ಜೋಡಿಸಿರುವ ಕೀಲಿ ವಿನ್ಯಾಸ) ಟೈಪು ಮಾಡುತ್ತಿದ್ದೇನೆ. ಯಾವ ಅಕ್ಷರ ಯಾವ ಕೀಲಿಯಲ್ಲಿದೆ ಎಂದು ಯಾರಾದರೂ ಕೇಳಿದರೆ ಬೆರಳಾಡಿಸಿ ನೋಡಿಯೇ ಹೇಳಬೇಕು, ಅಷ್ಟರ ಮಟ್ಟಿಗೆ ಅದು ಕೈಗೆ ಕೂತುಹೋಗಿದೆ. ಈಗ ಸೇರಿರುವ ಕಚೇರಿಯಲ್ಲಿ ಗಣಕಕ್ಕೆ ಹೊರಗಿನ ಯಾವ ತಂತ್ರಾಂಶವನ್ನೂ ಹಾಕಿಕೊಳ್ಳುವಂತಿಲ್ಲವಾದ್ದರಿಂದ, ವಿಂಡೋಸ್ ಜೊತೆಗೇ ಬರುವ, ಭಾರತೀಯ ಭಾಷೆಗಳ ಪ್ರಮಾಣಿತ ಕೀಲಿ ವಿನ್ಯಾಸವಾದ ಇನ್‌ಸ್ಕ್ರಿಪ್ಟ್ ಒಂದೇ ಗತಿಯಾಗಿದೆ. ಡ್ವೊರಾಕ್ ಮತ್ತು ಕೋಲ್‌ಮ್ಯಾಕ್ ಎಂಬ ಬೇರೆ ಇಂಗ್ಲಿಷ್ ವಿನ್ಯಾಸಗಳನ್ನು ಬಳಸುವವರು ಕೀಲಿಮಣೆಗೂ ಗಣಕಕ್ಕೂ ನಡುವೆ ಒಂದು ಪುಟ್ಟ ಅಡಾಪ್ಟರ್ ಇಟ್ಟು, ಗಣಕದಲ್ಲಿ ಏನನ್ನೂ ಬದಲಿಸದೆ ತಮ್ಮ ವಿನ್ಯಾಸವನ್ನು ಪಡೆಯುತ್ತಾರೆಂದು ಓದಿದ್ದೇನೆ. ಕನ್ನಡಕ್ಕೂ ಇದು ಸಾಧ್ಯವೇ? ಬೆಸುಗೆ ಹಾಕಲು ಬರುತ್ತದೆ, ಸಿ ಭಾಷೆ ಅಷ್ಟಿಷ್ಟು ಗೊತ್ತು.

ಉತ್ತರ 1 (ಬರೆದವರು: ಹಳೇಕೀಲಿ)

ಸಾಧ್ಯವಿದೆ, ಆದರೆ ಡ್ವೊರಾಕ್‌ನಷ್ಟು ಸಲೀಸಲ್ಲ. ಯುಎಸ್‌ಬಿ ಕೀಲಿಮಣೆ ಗಣಕಕ್ಕೆ ಅಕ್ಷರವನ್ನು ಕಳಿಸುವುದೇ ಇಲ್ಲ. ಯಾವ ಕೀಲಿ ಒತ್ತಿದೆ ಎಂಬ ಸಂಖ್ಯೆಯನ್ನಷ್ಟೇ ಕಳಿಸುತ್ತದೆ. ಸಾಮಾನ್ಯ ವರದಿ 8 ಬೈಟುಗಳದು: ಶಿಫ್ಟ್, ಕಂಟ್ರೋಲ್ ಮುಂತಾದವುಗಳಿಗೆ ಮೊದಲನೆಯದು, ಖಾಲಿ ಬಿಟ್ಟ ಎರಡನೆಯದು, ಒತ್ತಿರುವ ಕೀಲಿಗಳಿಗೆ ಉಳಿದ ಆರು. ಆ ಸಂಖ್ಯೆಯನ್ನು ‘ಕ’ ಎಂದು ಓದುವುದೋ ಬೇರೆ ಅಕ್ಷರವೆಂದು ಓದುವುದೋ ಗಣಕಕ್ಕೆ ಬಿಟ್ಟದ್ದು. ಹಾಗಾಗಿ ನಿಮ್ಮ ಅಡಾಪ್ಟರ್ ಕನ್ನಡವನ್ನು ಕಳಿಸಲಾರದು, ಕೆ.ಪಿ. ರಾವ್ ಕೀಲಿಗಳನ್ನು ಇನ್‌ಸ್ಕ್ರಿಪ್ಟ್ ಕೀಲಿಗಳಾಗಿ ತಿರುಗಿಸಿ ಕಳಿಸಬಲ್ಲದು.

‘ನಮಸ್ಕಾರ’ವನ್ನೇ ತೆಗೆದುಕೊಳ್ಳೋಣ. ನೀವು ಒತ್ತುವುದು ಎನ್, ಎಮ್, ಎಸ್, ಎಫ್, ಕೆ, ಶಿಫ್ಟ್ ಹಿಡಿದ ಎ, ಆರ್. ಇನ್‌ಸ್ಕ್ರಿಪ್ಟಿಗೆ ಬೇಕಾದದ್ದು ವಿ, ಸಿ, ಎಮ್, ಡಿ, ಕೆ, ಇ, ಜೆ. ಎರಡರಲ್ಲೂ ಏಳೇ ಒತ್ತುಗಳಾದ್ದರಿಂದ ಒಂದು ಕೋಷ್ಟಕ ಸಾಕೆನಿಸುತ್ತದೆ. ತೊಡಕಿರುವುದು ಆ ದೀರ್ಘದಲ್ಲಿ. ನಿಮ್ಮ ಬೆರಳು ಶಿಫ್ಟ್ ಮೇಲಿದ್ದರೂ ಅಡಾಪ್ಟರ್ ಆ ಕ್ಷಣಕ್ಕೆ ಶಿಫ್ಟನ್ನು ಬಿಟ್ಟಂತೆ ತೋರಿಸಿ ಬರೀ ಇ ಕಳಿಸಬೇಕು. ಅದೇ ಕೀಲಿಯನ್ನು ಪದದ ಮೊದಲಲ್ಲಿ, ‘ಆಕಾಶ’ಕ್ಕೆಂದು ಒತ್ತಿದರೆ, ಶಿಫ್ಟ್ ಸಮೇತ ಇ ಹೋಗಬೇಕು, ಏಕೆಂದರೆ ಇನ್‌ಸ್ಕ್ರಿಪ್ಟಿನಲ್ಲಿ ಸ್ವರವೂ ಸ್ವರಚಿಹ್ನೆಯೂ ಬೇರೆ ಬೇರೆ, ಕೆ.ಪಿ. ರಾವ್ ವಿನ್ಯಾಸದಲ್ಲಿ ಎರಡಕ್ಕೂ ಒಂದೇ ಕೀಲಿ. ಅಂದರೆ, ಹಿಂದಿನದು ವ್ಯಂಜನವೋ ಅಲ್ಲವೋ ಎಂಬುದನ್ನು ಅಡಾಪ್ಟರೇ ನೆನಪಿಟ್ಟುಕೊಳ್ಳಬೇಕಾಗುತ್ತದೆ.

ಉತ್ತರ 2 (ಬರೆದವರು: ತಂತಿಬೆಸುಗೆ)

ಹಾರ್ಡ್‌ವೇರ್ ಬಗ್ಗೆ ನನ್ನ ಅನುಭವ ಹೇಳುತ್ತೇನೆ. 2021ರಲ್ಲಿ ಬಂದ ರಾಸ್ಪ್‌ಬೆರಿ ಪೈ ಪಿಕೊ ಎಂಬ ಪುಟ್ಟ ನಿಯಂತ್ರಕ ಫಲಕ ಈ ಕೆಲಸಕ್ಕೆ ಧಾರಾಳವಾಗಿ ಸಾಕು. ಅದರ ಆರ್‌ಪಿ2040 ಚಿಪ್ಪಿನಲ್ಲಿ ಯುಎಸ್‌ಬಿ ನಿಯಂತ್ರಕ ಇರುವುದು ಒಂದೇ, ಅದು ಗಣಕದ ಕಡೆಗೆ ಬೇಕು. ಕೀಲಿಮಣೆಯ ಕಡೆಗೆ ಪಿಕೊ-ಪಿಐಒ-ಯುಎಸ್‌ಬಿ ಎಂಬ ಮುಕ್ತ ತಂತ್ರಾಂಶ ಲೈಬ್ರರಿ ಎರಡು ಸಾಮಾನ್ಯ ಪಿನ್ನುಗಳನ್ನೇ ಇನ್ನೊಂದು ಯುಎಸ್‌ಬಿ ಪೋರ್ಟಿನಂತೆ ದುಡಿಸುತ್ತದೆ. ಚಿಪ್ಪಿನ ವೇಗವನ್ನು 12ರ ಗುಣಕವಾದ 120 ಮೆಗಾಹರ್ಟ್ಸ್‌ಗೆ ಇಡಿ. ಇದನ್ನು ಮರೆತು 125ರಲ್ಲೇ ಬಿಟ್ಟು ನಾನು ಎರಡು ಸಂಜೆ ತಂತಿಗಳನ್ನು ಬೈದುಕೊಂಡಿದ್ದೆ. ದತ್ತಾಂಶದ ಎರಡು ತಂತಿಗಳೂ ಅಕ್ಕಪಕ್ಕದ ಪಿನ್ನುಗಳಿಗೆ ಹೋಗಬೇಕು, ಸಾಲಿನಲ್ಲಿ ಒಂದೊಂದು 22 ಅಥವಾ 27 ಓಮ್ ರೆಸಿಸ್ಟರ್ ಇರಲಿ. ಕೀಲಿಮಣೆಗೆ ಬೇಕಾದ 5 ವೋಲ್ಟನ್ನು ಪಿಕೊದ 40ನೇ ಪಿನ್ನಿನಿಂದ ಪಡೆಯಬಹುದು. ಬಣ್ಣದ ದೀಪಗಳೂ ಒಳಗೊಂದು ಯುಎಸ್‌ಬಿ ಹಬ್ಬೂ ಇರುವ ಕೀಲಿಮಣೆಯಿಂದ ಆರಂಭಿಸಬೇಡಿ. ಮೊದಲ ಪ್ರಯೋಗಕ್ಕೆ ಸಾದಾ ತಂತಿಯ ಕೀಲಿಮಣೆಯೇ ವಾಸಿ. ದುಂಡು ಪ್ಲಗ್ಗಿನ ಹಳೆಯ ಪಿಎಸ್/2 ಕೀಲಿಮಣೆಯಾದರೆ ಅದರ 5 ವೋಲ್ಟ್ ಸಂಕೇತವನ್ನು 3.3ಕ್ಕೆ ಇಳಿಸದೆ ಪಿನ್ನಿಗೆ ಜೋಡಿಸಲೇಬೇಡಿ.

ಉತ್ತರ 3 (ಬರೆದವರು: ಜಾಲಪಾಲಕ)

ಒಂದು ಮಾತು, ಸಿಟ್ಟಾಗಬೇಡಿ. ಕೀಲಿಮಣೆಗೂ ಗಣಕಕ್ಕೂ ನಡುವೆ ಕೂತು ಪ್ರತಿ ಒತ್ತನ್ನೂ ಓದುವ ಪೆಟ್ಟಿಗೆಗೂ ಪಾಸ್‌ವರ್ಡ್ ಕದಿಯುವ ಸಾಧನಕ್ಕೂ ಹೊರನೋಟದಲ್ಲಿ ವ್ಯತ್ಯಾಸವೇ ಇಲ್ಲ. ತಂತ್ರಾಂಶ ಹಾಕಲು ಬಿಡದ ಕಚೇರಿ ಇದನ್ನು ಕಂಡರೆ ಏನೆನ್ನಬಹುದೆಂದು ಯೋಚಿಸಿ, ಲಿಖಿತ ಅನುಮತಿ ಪಡೆದ ಮೇಲೆಯೇ ಒಳಗೆ ಒಯ್ಯಿರಿ.

ಕರಡುತಿದ್ದಿ

ಮೂವರಿಗೂ ಧನ್ಯವಾದಗಳು. ಅನುಮತಿ ಸಿಕ್ಕಿತು, ಒಳಗೇನಿದೆಯೆಂದು ಕಾಣುವಂತೆ ಪಾರದರ್ಶಕ ಡಬ್ಬಿಯಲ್ಲಿಟ್ಟು ತೋರಿಸಿದ್ದರಿಂದ ಕೆಲಸ ಸುಲಭವಾಯಿತು. ‘ನಮಸ್ಕಾರ’, ‘ಆಕಾಶ’ ಎರಡೂ ಸರಿಯಾಗಿ ಮೂಡುತ್ತಿವೆ. ಆದರೆ ‘ಕಾ’ ಎಂದು ಬರೆದು, ದೀರ್ಘವನ್ನು ಅಳಿಸಿ, ಯು ಒತ್ತಿದರೆ ‘ಕು’ ಬರುವ ಬದಲು ‘ಕಉ’ ಬರುತ್ತಿದೆ. ಮೌಸಿನಿಂದ ಬೇರೆಡೆ ಕ್ಲಿಕ್ ಮಾಡಿದ ಮೇಲೂ ಇಂಥದೇ ಎಡವಟ್ಟು. ಇದಕ್ಕೇನು ಮಾಡುವುದು?

ಹಳೇಕೀಲಿ

ಹಿಂದಿನ ಒಂದೇ ಅಕ್ಷರವನ್ನು ನೆನಪಿಟ್ಟಿದ್ದೀರಿ, ಅದಕ್ಕೇ ಹೀಗಾಗುತ್ತಿದೆ. ಕಡೆಯ ಮೂವತ್ತೆರಡು ಒತ್ತುಗಳನ್ನು ಒಂದರ ಮೇಲೊಂದು ಪೇರಿಸಿಟ್ಟುಕೊಂಡು, ಬ್ಯಾಕ್‌ಸ್ಪೇಸ್ ಬಂದಾಗಲೆಲ್ಲ ಮೇಲಿನದೊಂದನ್ನು ತೆಗೆಯಿರಿ. ಆಗ ದೀರ್ಘ ಹೋದ ಮೇಲೆ ‘ಕ’ ಉಳಿದಿದೆಯೆಂದು ಅಡಾಪ್ಟರಿಗೆ ತಿಳಿಯುತ್ತದೆ. ಬಾಣದ ಕೀಲಿ, ಎಂಟರ್, ಟ್ಯಾಬ್ ಬಂದರೆ ಇಡೀ ಪೇರಿಕೆಯನ್ನು ಖಾಲಿ ಮಾಡಿ. ಕಂಟ್ರೋಲ್ ಹಿಡಿದಿರುವಾಗ ಮಾತ್ರ ಯಾವುದನ್ನೂ ತಿರುಗಿಸದೆ ಇದ್ದಂತೆಯೇ ಕಳಿಸಿ, ಇಲ್ಲವಾದರೆ ನಕಲು ಮಾಡಲು ಹೋಗಿ ಇನ್ನೇನೋ ಆದೀತು.

ಮೌಸಿನ ಸಮಸ್ಯೆಗೆ ಪೂರ್ಣ ಪರಿಹಾರವಿಲ್ಲ. ತೆರೆಯ ಮೇಲೆ ತುದಿಗೆರೆ (ಕರ್ಸರ್) ಎಲ್ಲಿದೆಯೆಂದು ಅಡಾಪ್ಟರಿಗೆ ಕಾಣುವುದಿಲ್ಲ. ನಾನು ಬಲಗಡೆಯ ಆಲ್ಟ್ ಕೀಲಿಯನ್ನು ‘ಮರೆತುಬಿಡು’ ಎಂಬ ಆಜ್ಞೆಗೆ ಮೀಸಲಿಟ್ಟಿದ್ದೇನೆ. ಕ್ಲಿಕ್ ಮಾಡಿದ ಕೂಡಲೇ ಅದನ್ನೊಮ್ಮೆ ತಟ್ಟುವುದು ಒಂದು ವಾರದಲ್ಲಿ ಕೈಗೆ ಒಗ್ಗಿತು.