ಪದ ಬೇಕಾಗಿದೆ: ‘ಡಿಫರ್ಡ್ ರಿಬೇಟ್’

ಮಾನ್ಯರೇ,

ಭಾರತೀಯರು ಹಡಗು ಕಂಪನಿ ಕಟ್ಟಲು ಹೊರಟಾಗ ಬ್ರಿಟಿಷ್ ಕಂಪನಿಗಳು ಅವರನ್ನು ಹೇಗೆ ತಡೆದವು ಎಂಬ ಲೇಖನವನ್ನು ಕನ್ನಡಿಸುತ್ತಿದ್ದೇನೆ. ನಾಳೆ ಸಂಜೆಯೊಳಗೆ ಅಚ್ಚಿಗೆ ಕೊಡಬೇಕು. ‘ಡಿಫರ್ಡ್ ರಿಬೇಟ್’ ಬಂದಲ್ಲೆಲ್ಲ ‘ಮುಂದೂಡಿದ ರಿಯಾಯಿತಿ’ ಎಂದು ಬರೆದಿದ್ದೇನೆ. ಓದಿದವರಿಗೆ ಅದು ವರ್ತಕರಿಗೆ ಮಾಡಿದ ಉಪಕಾರದಂತೆ ಕೇಳಿಸುತ್ತಿದೆ. ಬೇರೆ ಪದವಿದ್ದರೆ ದಯವಿಟ್ಟು ತಿಳಿಸಿ.

ಉತ್ತರ:

‘ಮುಂದೂಡಿದ ರಿಯಾಯಿತಿ’ ಸಲ್ಲದು. ಮುಂದೂಡುವುದು ಸಭೆಯನ್ನು, ಪರೀಕ್ಷೆಯನ್ನು; ಇಲ್ಲಿ ನಡೆದದ್ದು ವರ್ತಕನ ಹಣವನ್ನೇ ಒತ್ತೆ ಇಟ್ಟುಕೊಂಡ ಕೆಲಸ. ವರ್ತಕ ಪೂರ್ತಿ ಬಾಡಿಗೆ ತೆರುತ್ತಿದ್ದ, ಅದರಲ್ಲೊಂದು ಪಾಲು ಅವನ ಹೆಸರಿಗೆ ಜಮೆಯಾಗುತ್ತಿತ್ತು, ಆದರೆ ಮುಂದಿನ ಗೊತ್ತಾದ ಅವಧಿ ಮುಗಿಯುವವರೆಗೂ ಒಪ್ಪಂದ ಮಾಡಿಕೊಂಡ ಹಡಗು ಕಂಪನಿಗಳ ಕೂಟದ ಹೊರಗಿನ ಹಡಗಿಗೆ ಒಂದು ಮೂಟೆಯನ್ನೂ ಕೊಡದಿದ್ದರೆ ಮಾತ್ರ ಅದು ಅವನ ಕೈಸೇರುತ್ತಿತ್ತು. 1877ರಲ್ಲಿ ಕಲ್ಕತ್ತಾ ಮಾರ್ಗದ ಕಂಪನಿಗಳ ಕೂಟ ಇದನ್ನು ತಂದಾಗ ಸ್ವದೇಶಿ ಚಳವಳಿ ಇನ್ನೂ ಶುರುವಾಗಿರಲಿಲ್ಲ. 1919ರಲ್ಲಿ ಭಾರತೀಯರದೇ ಆದ ಸಿಂಧಿಯಾ ಹಡಗು ಕಂಪನಿ ಹುಟ್ಟಿದ ಮೇಲೆ ಅದೇ ಕಟ್ಟಳೆ ರಾಷ್ಟ್ರೀಯತೆಗೆ ಅಡ್ಡಗಟ್ಟಿದ ಬೇಲಿಯಾಯಿತು: ವರ್ತಕನ ಮನಸ್ಸು ಸ್ವದೇಶಿಯಾಗಿದ್ದರೂ ಅವನ ಹಣ ಪರದೇಶಿ ಕಂಪನಿಯ ಪೆಟ್ಟಿಗೆಯಲ್ಲಿತ್ತು. ಕರಾವಳಿ ಸಾಗಣೆಯನ್ನು ಭಾರತೀಯ ಹಡಗುಗಳಿಗೆ ಮೀಸಲಿಡಲು 1928ರಲ್ಲಿ ಮಸೂದೆ ತಂದ ಕೇಂದ್ರ ಶಾಸನಸಭೆಯ ಸದಸ್ಯ ಎಸ್. ಎನ್. ಹಾಜಿಯವರು ಈ ಪದ್ಧತಿಯ ರದ್ದತಿಗೂ ಬೇರೊಂದು ಮಸೂದೆ ತರಬೇಕಾಯಿತು.

ತೂತ್ತುಕುಡಿಯ ಪ್ರಸಂಗವನ್ನು ಇದರೊಡನೆ ಬೆರೆಸಬೇಡಿ. 1906ರಲ್ಲಿ ಚಿದಂಬರಂ ಪಿಳ್ಳೈಯವರು ಅಲ್ಲಿ ಆರಂಭಿಸಿದ ಸ್ವದೇಶಿ ಹಡಗು ಕಂಪನಿಯನ್ನು ಮುರಿಯಲು ‘ಬ್ರಿಟಿಷ್ ಇಂಡಿಯಾ’ ಎಂಬ ಬ್ರಿಟಿಷ್ ಹಡಗು ಕಂಪನಿ ಪ್ರಯಾಣಿಕರ ದರವನ್ನೇ ಇಳಿಸಿತು. ಅದಕ್ಕೆ ‘ದರ ಇಳಿಕೆ’ ಸಾಕು.

ನನ್ನ ಸಲಹೆ ‘ತಡೆಹಿಡಿದ ಸೋಡಿ’. ಖಾದಿ ಭಂಡಾರಕ್ಕೆ ಹೋದವರಿಗೆಲ್ಲ ಸೋಡಿ, ಅಂದರೆ ಬೆಲೆಯಲ್ಲಿ ಬಿಟ್ಟುಕೊಡುವ ಪಾಲು, ಗೊತ್ತು. ಬಿಡು ಎಂಬರ್ಥದ ಮರಾಠಿಯ ‘ಸೋಡಣೆ’ಯೇ ಅದರ ಮೂಲವೆಂದು ನಾನು ನಂಬಿದ್ದೇನೆ, ಬಿಟ್ಟಂತೆ ಮಾಡಿ ಹಿಡಿದಿಟ್ಟುಕೊಂಡದ್ದು ಈ ಎರಡು ಪದಗಳ ಜೋಡಣೆಯಲ್ಲೇ ಕಾಣುತ್ತದೆ. ಮರಾಠಿಯದು ಬೇಡ, ‘ಬಿಡುಗಾಸು’ ಎನ್ನೋಣ ಎಂಬ ವಾದವನ್ನು ನಾನು ಒಪ್ಪುವುದಿಲ್ಲ. ಜಮೆ, ಬಾಕಿ, ವಸೂಲಿ ಇವನ್ನೆಲ್ಲ ಹೊರಗಟ್ಟಿದರೆ ನಮ್ಮ ಅಂಗಡಿಯ ಲೆಕ್ಕದ ಪುಸ್ತಕದಲ್ಲಿ ಅಂಕಿಗಳಷ್ಟೇ ಉಳಿದಾವು. ಬಳಕೆಯಲ್ಲಿ ಬೇರುಬಿಟ್ಟ ಪದ ಕನ್ನಡದ್ದೇ.

ಮೊದಲ ಸಲ ಬಂದಲ್ಲಿ ಹೀಗೆ ಬರೆಯಿರಿ: ‘ಬೇರೆ ಹಡಗಿಗೆ ಸರಕು ಕೊಟ್ಟರೆ ಮುಟ್ಟುಗೋಲಾಗುತ್ತಿದ್ದ, ಕಂಪನಿಯೇ ತಡೆಹಿಡಿದ ಸೋಡಿ.’ ಮುಂದೆ ‘ತಡೆಸೋಡಿ’ ಎಂದರೂ ನಡೆಯುತ್ತದೆ.